ಪಾಯಿಂಟ್ ಕೊಟ್ಟು ಪಡೆದ ಟಿಕೆಟ್‌ಗೂ ಇಂಧನ ಸರ್‌ಚಾರ್ಜ್ ಏಕೆ?

ಮಂಗಳೂರು–ದುಬೈ ನಡುವೆ ಓಡಾಡಿ, ವಿಮಾನ ಸಂಸ್ಥೆಯಿಂದ ಗಳಿಸಿ ಕೂಡಿಟ್ಟ ಪಾಯಿಂಟ್‌ಗಳಲ್ಲಿ ‘ಉಚಿತ’ ಟಿಕೆಟ್ ತೆಗೆಯಲು ಹೋದಾಗ ಇಂಧನ ಸರ್‌ಚಾರ್ಜ್ (ಇಂಧನದ ಹೆಸರಿನ ಹೆಚ್ಚುವರಿ ಶುಲ್ಕ) ಎಂದು ಸಾವಿರಾರು ರೂಪಾಯಿ ಕೇಳಿದರೆಂದು ಬರೆದಿದ್ದೀರಿ. ಇದು ಸರ್ಕಾರದ ತೆರಿಗೆಯೇ, ಎಣ್ಣೆಯ ಬೆಲೆ ಇಳಿದರೂ ಇದೇಕೆ ಇಳಿಯುವುದಿಲ್ಲ, ಪದೇ ಪದೇ ಹಾರುವವರು ಇದನ್ನು ಒಪ್ಪಿಕೊಂಡಿದ್ದಾರೆಯೇ ಎಂಬುದು ನಿಮ್ಮ ಪ್ರಶ್ನೆ. ನಾನು ಬದಿಯಡ್ಕದ ಕಡೆಯವನು, ಶಾರ್ಜಾದಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಬಜ್ಪೆ (ಮಂಗಳೂರು), ಮಟ್ಟನ್ನೂರು (ಕಣ್ಣೂರು) ಎರಡೂ ವಿಮಾನ ನಿಲ್ದಾಣಗಳನ್ನು ಬಳಸುತ್ತೇನೆ. ನೆಂಟರಿಷ್ಟರ ಟಿಕೆಟ್‌ಗಳೂ ನನ್ನ ಕೈಯಿಂದಲೇ ಆಗುವುದರಿಂದ ದರದ ಸಾಲುಗಳನ್ನು ಒಂದೊಂದಾಗಿ ಓದುವ ಅಭ್ಯಾಸ ಬಂದುಬಿಟ್ಟಿದೆ.

ಮೊದಲು ತೆರಿಗೆಯ ವಿಷಯ. ಇಂಧನ ಸರ್‌ಚಾರ್ಜ್ ಸರ್ಕಾರದ ತೆರಿಗೆಯಲ್ಲ; ಅದರ ಒಂದು ರೂಪಾಯಿಯೂ ಸರ್ಕಾರಕ್ಕೆ ತೆರಿಗೆಯೆಂದು ಸಂದಾಯವಾಗುವುದಿಲ್ಲ. ನಿಮ್ಮ ಇ-ಟಿಕೆಟ್‌ನ ದರದ ವಿವರವನ್ನು ತೆರೆದು ನೋಡಿ. ಮೂಲ ದರದ ಕೆಳಗೆ ಎರಡೆರಡು ಅಕ್ಷರಗಳ ಸಂಕೇತಗಳು ಸಾಲಾಗಿ ನಿಂತಿರುತ್ತವೆ. ‘ಕೆ3’ (K3) ಎಂಬುದು ಜಿಎಸ್‌ಟಿ, ಎಕಾನಮಿ ದರ್ಜೆಗೆ ಶೇ. 5. ನಿಲ್ದಾಣದ ಬಳಕೆದಾರರ ಶುಲ್ಕ ಮತ್ತು ಭದ್ರತಾ ಶುಲ್ಕಗಳಿಗೆ ಬೇರೆ ಸಂಕೇತಗಳಿವೆ. ಇವುಗಳ ನಡುವೆ ‘ವೈಕ್ಯೂ’ (YQ) ಅಥವಾ ‘ವೈಆರ್’ (YR) ಎಂದು ಕಂಡರೆ ಸಾಮಾನ್ಯವಾಗಿ ಅದೇ ಇಂಧನ ಸರ್‌ಚಾರ್ಜ್, ಅಂದರೆ ವಿಮಾನ ಸಂಸ್ಥೆ ತಾನೇ ಹಾಕಿ ತಾನೇ ಇಟ್ಟುಕೊಳ್ಳುವ ಹಣ. ಉಪ್ಪಳದ ಟ್ರಾವೆಲ್ಸ್ ಅಂಗಡಿಯಲ್ಲಿ ಕೇಳಿದರೆ ‘ಟ್ಯಾಕ್ಸ್ ಇಷ್ಟಾಗುತ್ತದೆ’ ಎಂದು ಎಲ್ಲವನ್ನೂ ಒಟ್ಟು ಕೂಡಿಸಿ ಹೇಳಿಬಿಡುತ್ತಾರೆ. ಅವರ ಪರದೆಯ ಮೇಲೆಯೇ ಇವೆಲ್ಲ ಒಂದೇ ಅಂಕಣದಲ್ಲಿ ಬರುವುದರಿಂದ ಅವರನ್ನು ದೂರುವಂತಿಲ್ಲ. ಆದರೆ ಆ ಅಂಕಣದೊಳಗಿನ ದೊಡ್ಡ ಪಾಲು ಅನೇಕ ಸಲ ವೈಕ್ಯೂ ಆಗಿರುತ್ತದೆ. ಸಾಲದ್ದಕ್ಕೆ ಈ ಸರ್‌ಚಾರ್ಜ್ ಮೇಲೂ ಜಿಎಸ್‌ಟಿ ಬೀಳುತ್ತದೆ, ಏಕೆಂದರೆ ಕಾನೂನಿನ ದೃಷ್ಟಿಯಲ್ಲಿ ಅದು ಪ್ರಯಾಣದ ಬೆಲೆಯ ಒಂದು ಭಾಗವೇ.

ಹಾಗಿದ್ದರೆ ಅದನ್ನು ಮೂಲ ದರದಲ್ಲೇ ಸೇರಿಸಬಾರದೇಕೆ? ವಿಮಾನ ಇಂಧನ ದುಬಾರಿಯೆಂಬುದರಲ್ಲಿ ಸುಳ್ಳಿಲ್ಲ. ಭಾರತದ ಸಂಸ್ಥೆಗಳ ಖರ್ಚಿನಲ್ಲಿ ಸುಮಾರು ಶೇ. 40ರಷ್ಟು ಅದಕ್ಕೇ ಹೋಗುತ್ತದೆ, ತೈಲ ಕಂಪನಿಗಳು ಪ್ರತಿ ತಿಂಗಳ 1ನೇ ತಾರೀಕಿಗೆ ಅದರ ಬೆಲೆಯನ್ನು ಪರಿಷ್ಕರಿಸುತ್ತವೆ, ಜಿಎಸ್‌ಟಿಯ ಹೊರಗೇ ಉಳಿದಿರುವುದರಿಂದ ರಾಜ್ಯಗಳ ಮಾರಾಟ ತೆರಿಗೆಯೂ ಅದರ ಮೇಲೆ ಕೂರುತ್ತದೆ. ಆದರೆ ಖರ್ಚು ಹೆಚ್ಚಿದ್ದಷ್ಟಕ್ಕೇ ಪ್ರತ್ಯೇಕ ಸಾಲು ಬೇಕಾಗುವುದಿಲ್ಲ. ಪೈಲಟ್‌ಗಳ ಸಂಬಳ ಏರಿದಾಗ ಯಾರೂ ಪೈಲಟ್ ಸರ್‌ಚಾರ್ಜ್ ಹಾಕಿಲ್ಲ. ಪ್ರತ್ಯೇಕ ಸಾಲಿನ ನಿಜವಾದ ಉಪಯೋಗ ಬೇರೆಯೇ ಇದೆ. ಕಂಪನಿಗಳಿಗೆ ಕೊಡುವ ರಿಯಾಯಿತಿ, ಏಜೆಂಟರ ಕಮಿಷನ್, ನಮ್ಮಂಥವರ ಪಾಯಿಂಟ್ ಇವೆಲ್ಲ ಸಾಮಾನ್ಯವಾಗಿ ಅನ್ವಯಿಸುವುದು ಮೂಲ ದರಕ್ಕೆ. ಮೂಲ ದರವನ್ನು ಚಿಕ್ಕದಾಗಿ ಇಟ್ಟು ಉಳಿದದ್ದನ್ನು ವೈಕ್ಯೂ ಸಾಲಿಗೆ ಸರಿಸಿದರೆ ಈ ಮೂರೂ ಬಾಬುಗಳು ತಾವಾಗಿಯೇ ಕುಗ್ಗುತ್ತವೆ. ಮದುವೆ ಹಾಲ್‌ನವರು ಪರಿಚಯದವರಿಗೆ ಬಾಡಿಗೆಯಲ್ಲಿ ಅರ್ಧ ಬಿಟ್ಟು, ಜನರೇಟರ್‌ನ ಡೀಸೆಲ್ ಲೆಕ್ಕದಲ್ಲಿ ಅದಕ್ಕಿಂತ ಹೆಚ್ಚು ವಸೂಲು ಮಾಡಿದಂತೆ ಇದು. ಏಜೆಂಟರು ಇದನ್ನು ನಮಗಿಂತ ಮೊದಲೇ ಗುರುತಿಸಿದ್ದರು. ಸರ್‌ಚಾರ್ಜ್ ಕೂಡ ದರದ ಭಾಗವೇ, ಅದರ ಮೇಲೂ ಕಮಿಷನ್ ಬರಬೇಕೆಂದು ಆಸ್ಟ್ರೇಲಿಯಾದಲ್ಲಿ ಕ್ವಾಂಟಾಸ್ ವಿಮಾನ ಸಂಸ್ಥೆಯ ವಿರುದ್ಧ ಏಜೆಂಟರು ಹೂಡಿದ ದಾವೆಯಲ್ಲಿ 2010ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯದ ಪೂರ್ಣ ಪೀಠ ಏಜೆಂಟರ ಪರವಾಗಿ ತೀರ್ಪು ಕೊಟ್ಟಿತು.

ಬೆಲೆ ಇಳಿದಾಗ ಇದೇಕೆ ಇಳಿಯುವುದಿಲ್ಲ ಎಂಬ ನಿಮ್ಮ ಮಾತಿಗೆ ಆಧಾರವಿದೆ. 2014ರ ಜೂನ್‌ನಲ್ಲಿ ಬ್ಯಾರೆಲ್‌ಗೆ 115 ಡಾಲರ್ ಆಸುಪಾಸಿನಲ್ಲಿದ್ದ ಬ್ರೆಂಟ್ ಕಚ್ಚಾ ತೈಲ 2016ರ ಜನವರಿಯಲ್ಲಿ 30 ಡಾಲರ್‌ಗಿಂತ ಕೆಳಗಿಳಿದರೂ ಅನೇಕ ಸಂಸ್ಥೆಗಳ ಸರ್‌ಚಾರ್ಜ್ ಆ ವೇಗದಲ್ಲಿ ಇಳಿಯಲಿಲ್ಲ. ಇಂಧನವನ್ನು ಹಲವು ತಿಂಗಳು ಮುಂಚಿತವಾಗಿ ಹಳೆಯ ಬೆಲೆಗೆ ಒಪ್ಪಂದ ಮಾಡಿಕೊಂಡಿದ್ದೇವೆ ಎಂಬುದು ಅವರ ಸಮಜಾಯಿಷಿ. ಅದರಲ್ಲಿ ಸ್ವಲ್ಪ ಸತ್ಯವಿದೆ, ಆದರೆ ಬೆಲೆ ಏರುವಾಗ ಅದೇ ಒಪ್ಪಂದದಿಂದ ಆದ ಲಾಭ ನಮ್ಮ ಟಿಕೆಟ್‌ನಲ್ಲಿ ಕಾಣುವುದಿಲ್ಲ. ಅಮೆರಿಕದ ಸಾರಿಗೆ ಇಲಾಖೆ 2012ರಲ್ಲಿ, ಇಂಧನದ ಹೆಸರಿನಲ್ಲಿ ವಸೂಲು ಮಾಡುವುದಾದರೆ ಆ ಮೊತ್ತ ನಿಜವಾದ ಇಂಧನ ವೆಚ್ಚಕ್ಕೆ ಹೊಂದಬೇಕೆಂದು ಹೇಳಿದ ಮೇಲೆ ಹಲವು ಸಂಸ್ಥೆಗಳು ಮೊತ್ತವನ್ನು ಮುಟ್ಟದೆ ರಸೀದಿಯ ಮೇಲಿನ ಶೀರ್ಷಿಕೆಯನ್ನಷ್ಟೇ ಬದಲಾಯಿಸಿ, ‘ಸಂಸ್ಥೆ ವಿಧಿಸಿದ ಶುಲ್ಕ’ ಎಂದು ಬರೆಯತೊಡಗಿದವು. ಅದೇ ವರ್ಷ ಬ್ರಿಟಿಷ್ ಏರ್‌ವೇಸ್‌ನ ಪಾಯಿಂಟ್ ಸದಸ್ಯರು ನ್ಯೂಯಾರ್ಕ್‌ನ ನ್ಯಾಯಾಲಯಕ್ಕೆ ಹೋದರು. ಪಾಯಿಂಟ್ ಟಿಕೆಟ್‌ಗಳ ಮೇಲೆ ಹಾಕಿದ ಸರ್‌ಚಾರ್ಜ್‌ಗೂ ಇಂಧನದ ಬೆಲೆಗೂ ಸಂಬಂಧವೇ ಇಲ್ಲ ಎಂಬುದು ಅವರ ವಾದ. 2018ರಲ್ಲಿ ಅದು ರಾಜಿಯಲ್ಲಿ ಮುಗಿದು, ಸದಸ್ಯರಿಗೆ ನಗದು ಅಥವಾ ಪಾಯಿಂಟ್‌ಗಳ ರೂಪದಲ್ಲಿ ಪರಿಹಾರ ಸಿಕ್ಕಿತು.

ಅದೇ ಸಂಸ್ಥೆಯ ಅದಕ್ಕಿಂತ ಹಳೆಯ ಪ್ರಕರಣ ಇನ್ನೂ ದೊಡ್ಡದು. 2004ರಿಂದ 2006ರ ನಡುವೆ ಬ್ರಿಟಿಷ್ ಏರ್‌ವೇಸ್ ಮತ್ತು ವರ್ಜಿನ್ ಅಟ್ಲಾಂಟಿಕ್ ಒಳಗೊಳಗೇ ಮಾತಾಡಿಕೊಂಡು ಸರ್‌ಚಾರ್ಜ್ ಏರಿಸುತ್ತಾ ಹೋದವು. ದೂರದ ಮಾರ್ಗಗಳಲ್ಲಿ ಹೋಗಿ ಬರುವ ಟಿಕೆಟ್‌ಗೆ 5 ಪೌಂಡ್ ಇದ್ದದ್ದು 60 ಪೌಂಡ್ ಆಯಿತು. ವರ್ಜಿನ್ ತಾನೇ ಹೋಗಿ ಒಪ್ಪಿಕೊಂಡು ದಂಡದಿಂದ ಪಾರಾಯಿತು. 2007ರ ಆಗಸ್ಟ್‌ನಲ್ಲಿ ಬ್ರಿಟಿಷ್ ಏರ್‌ವೇಸ್‌ಗೆ ಬ್ರಿಟನ್ನಿನಲ್ಲಿ 12.15 ಕೋಟಿ ಪೌಂಡ್, ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡ ಘೋಷಣೆಯಾಯಿತು. ಬ್ರಿಟನ್ನಿನ ದಂಡವನ್ನು ಮುಂದೆ 5.85 ಕೋಟಿಗೆ ಇಳಿಸಲಾಯಿತು. ನಮ್ಮಲ್ಲೂ ಇಂಥದ್ದು ನಡೆದಿದೆ, ಸರಕು ಸಾಗಣೆಯಲ್ಲಿ. 2015ರ ನವೆಂಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗವು ಇಂಧನ ಸರ್‌ಚಾರ್ಜ್ ಅನ್ನು ಹೊಂದಾಣಿಕೆಯಿಂದ ನಿಗದಿ ಮಾಡಿದ್ದಕ್ಕಾಗಿ ಜೆಟ್ ಏರ್‌ವೇಸ್, ಇಂಡಿಗೊ ಮತ್ತು ಸ್ಪೈಸ್‌ಜೆಟ್‌ಗಳಿಗೆ ಒಟ್ಟು ಸುಮಾರು 258 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಅದು ರದ್ದಾಗಿ ಮರುವಿಚಾರಣೆಗೆ ಬಂದು, 2018ರಲ್ಲಿ ಸುಮಾರು 54 ಕೋಟಿಗೆ ನಿಂತಿತು.

ಇಷ್ಟೆಲ್ಲ ಹೇಳಿದ ಮೇಲೂ ಸರ್‌ಚಾರ್ಜ್ ಎಂಬುದೇ ಮೋಸ ಎಂದು ನಾನು ಹೇಳಲಾರೆ. ಜಪಾನಿನ ಎರಡು ದೊಡ್ಡ ಸಂಸ್ಥೆಗಳು ಸಿಂಗಪುರದ ಸೀಮೆಎಣ್ಣೆ (ವಿಮಾನ ಇಂಧನವೂ ಒಂದು ಬಗೆಯ ಸೀಮೆಎಣ್ಣೆಯೇ) ಮಾರುಕಟ್ಟೆಯ ಸರಾಸರಿ ಬೆಲೆಯನ್ನು ಆಧರಿಸಿ ಎರಡು ತಿಂಗಳಿಗೊಮ್ಮೆ ತಮ್ಮ ಸರ್‌ಚಾರ್ಜ್ ಪಟ್ಟಿಯನ್ನು ಪ್ರಕಟಿಸುತ್ತವೆ, ಮತ್ತು ಬೆಲೆ ಕುಸಿದ 2016ರ ಏಪ್ರಿಲ್‌ನಿಂದ ಕೆಲವು ತಿಂಗಳ ಕಾಲ ಅವು ಸೊನ್ನೆ ವಸೂಲು ಮಾಡಿದವು. ನಮ್ಮ ದೇಶದ ಉದಾಹರಣೆಯೂ ಇದೆ. ಇಂಡಿಗೊ 2023ರ ಅಕ್ಟೋಬರ್ 6ರಂದು ದೂರಕ್ಕೆ ತಕ್ಕಂತೆ 300 ರೂಪಾಯಿಯಿಂದ 1,000 ರೂಪಾಯಿವರೆಗೆ ಇಂಧನ ಶುಲ್ಕ ಆರಂಭಿಸಿ, ಬೆಲೆ ಇಳಿದ ಕಾರಣ ಕೊಟ್ಟು 2024ರ ಜನವರಿ 4ರಂದು ಅದನ್ನು ಹಿಂತೆಗೆದುಕೊಂಡಿತು. ಬಜ್ಪೆಯಿಂದ ಬೆಂಗಳೂರಿಗೆ ಹೋಗುವವರಿಗೆ 300, ಮುಂಬೈಗೆ ಹೋಗುವವರಿಗೆ 400 ಎಂದು ಯಾರು ಬೇಕಾದರೂ ಪಟ್ಟಿ ನೋಡಿ ಹೇಳಬಹುದಿತ್ತು. ಹಿಂತೆಗೆದ ದಿನವೇ ಟಿಕೆಟ್ ಅಷ್ಟಕ್ಕೆ ಅಷ್ಟು ಅಗ್ಗವಾಯಿತೇ ಎಂದರೆ, ಮೂಲ ದರ ಗಂಟೆಗೊಂದು ರೀತಿ ಕುಣಿಯುವ ವ್ಯವಹಾರದಲ್ಲಿ ಅದನ್ನು ಹಿಡಿದು ತೋರಿಸುವುದು ಕಷ್ಟ. ಆದರೂ ಹಾಕಿದ್ದಕ್ಕೂ ತೆಗೆದದ್ದಕ್ಕೂ ಒಂದು ತಾರೀಕು ಇತ್ತು.

ನಮ್ಮ ಕಡೆಯ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. 2018ರ ಡಿಸೆಂಬರ್ 9ರಂದು ಕಣ್ಣೂರು ನಿಲ್ದಾಣ ತೆರೆಯುವ ಹೊತ್ತಿಗೆ ಕೇರಳ ಸರ್ಕಾರ ಅಲ್ಲಿ ವಿಮಾನ ಇಂಧನದ ತೆರಿಗೆಯನ್ನು ಹತ್ತು ವರ್ಷದ ಮಟ್ಟಿಗೆ ಶೇ. 1ಕ್ಕೆ ಇಳಿಸಿತು. ಕೋಯಿಕ್ಕೋಡಿನ ಕರಿಪ್ಪೂರು ನಿಲ್ದಾಣಕ್ಕೆ ಆ ಸೌಲಭ್ಯವಿಲ್ಲವೆಂದು ಮಲಬಾರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಇಂಧನ ಅಗ್ಗವಾದಲ್ಲಿ ಟಿಕೆಟ್ ಕೂಡ ಅಗ್ಗವಾಗುತ್ತದೆಂದು ಕುಂಬಳೆ, ಕಾಸರಗೋಡಿನ ಹಲವರು ನಂಬಿದ್ದರು. ಆದರೆ ಇಂಡಿಗೊದ 2023ರ ಆ ಪಟ್ಟಿ ನೋಡಿದ್ದು ದೂರವನ್ನು ಮಾತ್ರ. ವಿಮಾನ ಯಾವ ರಾಜ್ಯದಲ್ಲಿ, ಎಷ್ಟು ತೆರಿಗೆಗೆ ಟ್ಯಾಂಕ್ ತುಂಬಿಸಿಕೊಂಡಿತು ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಮಟ್ಟನ್ನೂರಿನಿಂದ ಹಾರಿದರೂ ಬಜ್ಪೆಯಿಂದ ಹಾರಿದರೂ ಅಷ್ಟೇ ದೂರಕ್ಕೆ ಅಷ್ಟೇ ಶುಲ್ಕ.

ಇನ್ನು ಪದೇ ಪದೇ ಹಾರುವವರ ಅಭಿಪ್ರಾಯ. ಅದು ಒಂದೇ ಅಲ್ಲ, ಟಿಕೆಟ್‌ನ ಹಣ ಯಾರ ಕಿಸೆಯಿಂದ ಹೋಗುತ್ತದೆ ಎಂಬುದರ ಮೇಲೆ ನಿಂತಿದೆ. ಕಂಪನಿಯ ಖರ್ಚಿನಲ್ಲಿ ಓಡಾಡುವವರು ಇದನ್ನು ಗಮನಿಸುವುದೇ ಇಲ್ಲ. ಓಣಂ, ಬಕ್ರೀದ್ ಎಂದು ಕುಟುಂಬ ಸಮೇತ ಬರುವ ನನ್ನ ನೆರೆಯವರಿಗೆ ಒಟ್ಟು ಮೊತ್ತವಷ್ಟೇ ಮುಖ್ಯ. ಹಬ್ಬದ ವಾರದಲ್ಲಿ ಮೂಲ ದರವೇ ಮೂರು ಪಟ್ಟಾಗುವಾಗ ವೈಕ್ಯೂ ಬಗ್ಗೆ ತಲೆ ಕೆಡಿಸಿಕೊಳ್ಳುವುದು ವ್ಯರ್ಥ ಎನ್ನುತ್ತಾರೆ ಅವರು, ಮತ್ತು ಅದು ಸರಿಯಾದ ಮಾತೇ. ನಿಜವಾಗಿ ಹೊಟ್ಟೆ ಉರಿಯುವುದು ನಿಮ್ಮಂತೆ, ನನ್ನಂತೆ ಪಾಯಿಂಟ್ ಕೂಡಿಟ್ಟವರಿಗೆ. ಏಕೆಂದರೆ ಪಾಯಿಂಟ್ ಮನ್ನಾ ಮಾಡುವುದು ಮೂಲ ದರವನ್ನು ಮಾತ್ರ, ಸರ್‌ಚಾರ್ಜ್ ಹಾಗೆಯೇ ಉಳಿಯುತ್ತದೆ. ಕೆಲವೊಮ್ಮೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಹಣ ಕೊಟ್ಟು ಕೊಳ್ಳುವ ಟಿಕೆಟ್‌ನಲ್ಲಿ ಒಟ್ಟು ದರವನ್ನು ಮೊದಲೇ ತೋರಿಸುವುದಾದರೆ ಸರ್‌ಚಾರ್ಜ್‌ಗೆ ತಕರಾರಿಲ್ಲ; ‘ಉಚಿತ’ ಎಂದು ಪ್ರಚಾರ ಮಾಡಿದ ಟಿಕೆಟ್‌ನ ಮೇಲೆ ಅದನ್ನು ಹೇರುವುದು ಕೊಟ್ಟ ಮಾತಿಗೆ ತಪ್ಪುವುದೇ ಸರಿ. ಹೇರದೆಯೂ ನಡೆಸಬಹುದೆಂದು ಕೆಲವರು ತೋರಿಸಿದ್ದಾರೆ. ಸಿಂಗಪುರ ಏರ್‌ಲೈನ್ಸ್ 2017ರ ಮಾರ್ಚ್‌ನಲ್ಲಿ ತನ್ನ ವಿಮಾನಗಳ ಪಾಯಿಂಟ್ ಟಿಕೆಟ್‌ಗಳಿಂದ ಇಂಧನ ಸರ್‌ಚಾರ್ಜ್ ತೆಗೆಯಿತು, ಏರ್ ಕೆನಡಾ 2020ರ ನವೆಂಬರ್‌ನಲ್ಲಿ ತೆಗೆಯಿತು. ಸಿಂಗಪುರದವರು ಅದೇ ಹೊತ್ತಿಗೆ ಆನ್‌ಲೈನ್ ಬುಕಿಂಗ್‌ನ ರಿಯಾಯಿತಿಯನ್ನು ನಿಲ್ಲಿಸಿದರು ಎಂಬುದನ್ನೂ ಹೇಳಬೇಕು. ಪುಕ್ಕಟೆಯಾಗಿ ಏನನ್ನೂ ಬಿಟ್ಟುಕೊಟ್ಟಿಲ್ಲ.

ನಿಮ್ಮ ಕೈಯಲ್ಲಿರುವ ಪಾಯಿಂಟ್‌ಗಳನ್ನು ಏನು ಮಾಡಬೇಕೆಂದರೆ, ಒಂದು ಭಾಗಾಕಾರ ಮಾಡಿ ನೋಡಿ. ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ: ನಗದು ಟಿಕೆಟ್ 18,000 ರೂಪಾಯಿ, ಪಾಯಿಂಟ್‌ನಲ್ಲಾದರೆ 15,000 ಪಾಯಿಂಟ್ ಮತ್ತು 9,000 ರೂಪಾಯಿ. ಆಗ ನಿಮ್ಮ 15,000 ಪಾಯಿಂಟ್ ಉಳಿಸಿದ್ದು 9,000 ರೂಪಾಯಿ, ಅಂದರೆ ಒಂದು ಪಾಯಿಂಟ್‌ಗೆ 60 ಪೈಸೆ. ಅದೇ ಪಾಯಿಂಟ್‌ಗಳು ಪಾಲುದಾರ ಸಂಸ್ಥೆಯ ಟಿಕೆಟ್‌ಗೋ ದರ್ಜೆ ಏರಿಸಿಕೊಳ್ಳುವುದಕ್ಕೋ ಇದಕ್ಕಿಂತ ಹೆಚ್ಚು ತರುತ್ತವೆಯೇ ಎಂದು ಹೋಲಿಸಿ. ಒಂದೇ ಪಾಯಿಂಟ್ ಖಾತೆಯಿಂದ ಬೇರೆ ಬೇರೆ ಸಂಸ್ಥೆಯ ವಿಮಾನ ಆರಿಸಿದಾಗ ಸರ್‌ಚಾರ್ಜ್ ಬೇರೆಯಾಗುವುದುಂಟು. ಮತ್ತೆ, ಹಬ್ಬದ ವಾರದಲ್ಲಿ ನಗದು ದರ ಗಗನಕ್ಕೇರಿದಾಗಲೂ ಸರ್‌ಚಾರ್ಜ್ ಸಾಮಾನ್ಯವಾಗಿ ಅಷ್ಟೇ ಇರುವುದರಿಂದ, ಪಾಯಿಂಟ್ ಸೀಟು ಸಿಕ್ಕಿದರೆ ಬಳಸಲು ಅದೇ ಒಳ್ಳೆಯ ಕಾಲ. ಮಳೆಗಾಲದ ಅಗ್ಗದ ದಿನಗಳಲ್ಲಿ ಪಾಯಿಂಟ್ ಮುಟ್ಟದಿರುವುದು ಲೇಸು.

ಕೊನೆಗೆ ಟಿಕೆಟ್ ರದ್ದುಪಡಿಸುವ ವಿಷಯ, ಏಕೆಂದರೆ ಹೆಚ್ಚಿನವರು ಹಣ ಕಳೆದುಕೊಳ್ಳುವುದು ಅಲ್ಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದ ಪ್ರಕಾರ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಸರ್‌ಚಾರ್ಜ್ ಎರಡನ್ನೂ ಕೂಡಿಸಿದ ಮೊತ್ತವನ್ನು ಮೀರುವಂತಿಲ್ಲ. ಅಂದರೆ ವೈಕ್ಯೂ ಕೂಡ ಹೋಗಬಹುದು, ಆದರೆ ಬಳಕೆದಾರರ ಶುಲ್ಕ ಮತ್ತು ಶಾಸನಬದ್ಧ ತೆರಿಗೆಗಳು ಟಿಕೆಟ್ ಎಷ್ಟೇ ಅಗ್ಗದ ಕೊಡುಗೆಯದ್ದಾಗಿದ್ದರೂ, ನೀವು ವಿಮಾನ ಹತ್ತದೇ ಉಳಿದಿದ್ದರೂ ವಾಪಸ್ ಬರಬೇಕು. ‘ಟ್ಯಾಕ್ಸ್ ಎಲ್ಲ ಹೋಯಿತು’ ಎಂದು ಕೌಂಟರ್‌ನಲ್ಲಿ ಹೇಳಿದರೆ ದರದ ವಿವರದ ಪ್ರತಿ ಕೇಳಿ, ಮೂಲ ದರ, ವೈಕ್ಯೂ, ವೈಆರ್ ಬಿಟ್ಟು ಉಳಿದ ಸಾಲುಗಳನ್ನು ಕೂಡಿಸಿ, ಅಷ್ಟನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ಅದೇ ಪ್ರತಿಯನ್ನು ಸೇರಿಸಿ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು.