ದುಡ್ಡು ಕೊಟ್ಟು ಕೊಂಡ ತಂತ್ರಾಂಶ ಹೊಸ ಕಂಪ್ಯೂಟರಿಗೆ ಬರಬಾರದೇ?

ಪ್ರಶ್ನೆ: ಡೊಂಬಿವಲಿಯಲ್ಲಿ ಒಬ್ಬನೇ ಡಿಟಿಪಿ ಅಂಗಡಿ ನಡೆಸುತ್ತೇನೆ. ಮುಂಬೈಯ ಕನ್ನಡ ಸಂಘಗಳ ಆಮಂತ್ರಣ, ಸ್ಮರಣ ಸಂಚಿಕೆ, ಮದುವೆ ಕಾಗದಗಳೇ ನನ್ನ ಅನ್ನ. ಹಳೇ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟಿತು. ಬಿಲ್ ಸಮೇತ ಕೊಂಡಿದ್ದ ಪುಟವಿನ್ಯಾಸದ ತಂತ್ರಾಂಶ ಹೊಸದರಲ್ಲಿ ತೆರೆಯುತ್ತಿಲ್ಲ, ಲೈಸೆನ್ಸ್ ಬೇರೆ ಕಂಪ್ಯೂಟರಿನದು ಅನ್ನುತ್ತದೆ. ಮತ್ತೆ ಕೊಳ್ಳಿ ಎಂದು ಕಂಪನಿಯವರ ಉತ್ತರ. ಲ್ಯಾಮಿಂಗ್ಟನ್ ರೋಡಿನಲ್ಲಿ ಒಬ್ಬರು ಕ್ರ್ಯಾಕ್, ಅಂದರೆ ಲೈಸೆನ್ಸಿನ ಬೀಗ ಮುರಿದ ಪ್ರತಿ, ಹಾಕಿಕೊಡುತ್ತಾರಂತೆ. ಹಾಕಿಸಲೇ? ಹಳೇ ಫೈಲುಗಳ ಗತಿಯೇನು?

ಉತ್ತರ: ಕ್ರ್ಯಾಕ್ ಖಂಡಿತ ಬೇಡ. ಅಕ್ರಮ ಪ್ರತಿ ಎಂದು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ 7 ದಿನದಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಲಾಭಕ್ಕಲ್ಲದೆ ಬಳಸಿದವರಿಗೆ ನ್ಯಾಯಾಲಯ ಸೆರೆಯಿಂದ ವಿನಾಯಿತಿ ಕೊಡಬಹುದು. ನಿಮ್ಮದು ವ್ಯಾಪಾರ, ಆ ರಿಯಾಯಿತಿ ಸಿಗದು.

ಹಾಗಂತ ನೀವು ಕೈಕಟ್ಟಿ ಕೂರಬೇಕಿಲ್ಲ. ನೀವು ಕೊಂಡದ್ದು ಬಳಸುವ ಅನುಮತಿಯನ್ನು ಮಾತ್ರ, ಕೃತಿಸ್ವಾಮ್ಯ ಕಂಪನಿಯಲ್ಲೇ ಉಳಿಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ತಂತ್ರಾಂಶದ ತೆರಿಗೆ ಪ್ರಕರಣವೊಂದರಲ್ಲಿ ಹೇಳಿದ್ದೂ ಇದನ್ನೇ. ಆದರೆ ಅದೇ ಕಾಯ್ದೆಯ 52ನೇ ಕಲಮು ನ್ಯಾಯವಾಗಿ ಪ್ರತಿ ಹೊಂದಿದವನಿಗೆ ಕೆಲವು ಹಕ್ಕು ಕೊಟ್ಟಿದೆ. ಕಳೆದುಹೋದರೆ, ಕೆಟ್ಟರೆ ಎಂದು ಒಂದು ಬ್ಯಾಕಪ್ ಪ್ರತಿ ಇಟ್ಟುಕೊಳ್ಳಬಹುದು. ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ಗಮನಿಸಿ ಪರೀಕ್ಷಿಸಬಹುದು. ಬೇರೆ ತಂತ್ರಾಂಶದೊಂದಿಗೆ ಅದನ್ನು ಹೊಂದಿಸಲು ಬೇಕಾದ ಮಾಹಿತಿ ಸುಲಭವಾಗಿ ಸಿಗದಿದ್ದರೆ ಹುಡುಕಿ ತೆಗೆಯಲೂಬಹುದು. 'ಒಪ್ಪಿದೆ' ಗುಂಡಿ ಒತ್ತಿಸಿಕೊಳ್ಳುವ ಕಂಪನಿಗಳು ಈ ಹಕ್ಕುಗಳ ಬಗ್ಗೆ ತುಟಿ ಬಿಚ್ಚದಿರುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಮೊದಲು ಬಿಲ್ ತೆಗೆದು ನೋಡಿ. ಕಂಪ್ಯೂಟರಿನ ಜೊತೆಗೇ ಬಂದ ಒಇಎಂ ಲೈಸೆನ್ಸಾದರೆ ಸಾಮಾನ್ಯವಾಗಿ ಆ ಯಂತ್ರದೊಂದಿಗೇ ಅದರ ಋಣ ಮುಗಿಯಿತು. ಬಿಡಿಯಾಗಿ ಕೊಂಡದ್ದಾದರೆ ಹಳೆಯದರಲ್ಲಿ ರದ್ದು ಮಾಡಿ ಹೊಸದಕ್ಕೆ ಹಾಕಲು ಅನೇಕ ಲೈಸೆನ್ಸುಗಳು ಬಿಡುತ್ತವೆ. ನಿಮ್ಮ ಹಳೇ ಯಂತ್ರ ಸತ್ತಿರುವುದರಿಂದ ರದ್ದು ಮಾಡುವ ಕೆಲಸ ಕಂಪನಿಯದು. ಫೋನಿನಲ್ಲಿ ಜಗಳ ಬೇಡ. ಬಿಲ್, ಸೀರಿಯಲ್ ನಂಬರ್, ರಿಪೇರಿಯವರ ಚೀಟಿ ಲಗತ್ತಿಸಿ ಇಮೇಲ್ ಬರೆಯಿರಿ. ಒಪ್ಪದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ವ್ಯಾಪಾರಿ ಗ್ರಾಹಕನಲ್ಲ ಎಂದು ಯಾರಾದರೂ ಅಂದರೆ ಹೆದರಬೇಡಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲೆಂದೇ ಕೊಂಡು ಬಳಸುವವನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕನೆಂದೇ ಎಣಿಸುತ್ತದೆ. ಏಕಪಕ್ಷೀಯ ಕರಾರಿನ ವಿರುದ್ಧವೂ ಅದರಡಿ ರಾಜ್ಯ ಆಯೋಗಕ್ಕೆ ದೂರು ಕೊಡಬಹುದು.

ಫೈಲುಗಳ ವಿಚಾರ ನನಗೆ ಹೆಚ್ಚು ಮುಖ್ಯ. ನೀವು ಕೂಡಿಸಿದ ಪುಟಗಳ ಮೇಲೆ ತಂತ್ರಾಂಶ ಕಂಪನಿಗೆ ಯಾವ ಹಕ್ಕೂ ಇಲ್ಲ, ಬೀಗ ಮಾತ್ರ ಅದರದು. ಮದರ್‌ಬೋರ್ಡ್ ಸುಟ್ಟರೂ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ತೆಗೆಸಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ, ಫಾಂಟುಗಳನ್ನು ಮರೆಯಬೇಡಿ. ಪೇಜ್‌ಮೇಕರ್, ಕೋರೆಲ್‌ಡ್ರಾದ ಹಳೇ ಫೈಲುಗಳನ್ನು ಉಚಿತವಾಗಿ ಸಿಗುವ ಲಿಬ್ರೆ ಆಫೀಸಿನ ಡ್ರಾ ಬಹುಮಟ್ಟಿಗೆ ತೆರೆಯುತ್ತದೆ. ವಿನ್ಯಾಸ ಅಲ್ಲಲ್ಲಿ ಕದಲುತ್ತದೆ, ತಿದ್ದಬೇಕಾಗುತ್ತದೆ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನಲ್ಲಿ ಕೂಡಿಸಿದ್ದರೆ ಫಾಂಟ್ ಇಲ್ಲದೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಕಾಣುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ.

ಹೊಸ ಕೆಲಸಗಳನ್ನು ಪುಟವಿನ್ಯಾಸದ ಉಚಿತ ತಂತ್ರಾಂಶವಾದ ಸ್ಕ್ರೈಬಸ್‌ನಲ್ಲಿ ಮಾಡಿ ನೋಡಿ. ಜಿಪಿಎಲ್ ಲೈಸೆನ್ಸಿನ ತಂತ್ರಾಂಶವದು: ಎಷ್ಟು ಕಂಪ್ಯೂಟರಿಗಾದರೂ ಹಾಕಬಹುದು, ಇನ್ನೊಬ್ಬರಿಗೂ ಕೊಡಬಹುದು. ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ, ಹಾಗಾಗಿ ಮೊದಲಿಗೆ ಅವಸರವಿಲ್ಲದ ಒಂದು ಆಮಂತ್ರಣ ಆರಿಸಿಕೊಳ್ಳಿ.