ಸಿನಿಮಾ ಹಾಡು ಬಿಟ್ಟು ಬೇರೆ ಯಾವ ಆಲ್ಬಮ್ ಕೇಳಲಿ ಅಂದವರಿಗೆ

ಸಿನಿಮಾ ಹಾಡು ಕೇಳಿಯೇ ಬೆಳೆದೆ, ಈಗ ಬೇರೆ ಬೇರೆ ಬಗೆಯ ಸಂಗೀತ ಕೇಳಬೇಕು, ಒಳ್ಳೆಯ ಆಲ್ಬಮ್ ಹೇಳಿ ಅಂತ ಕೇಳಿದ್ದೀರಿ. ನಾನೂ ಹಾಗೇ ಬೆಳೆದವನು. ನಮ್ಮಂಥವರ ಕಿವಿ ಮೊದಲು ಮಾತು ಹುಡುಕುತ್ತದೆ. ಪಲ್ಲವಿ ಎಲ್ಲಿ, ಚರಣ ಯಾವಾಗ ಬರುತ್ತೆ ಅಂತ ಕಾಯುತ್ತದೆ. ಸೀದಾ ವಾದ್ಯಗಳೇ ಮುಂದಿರುವ ಅಮೆರಿಕದ ಜಾಜ್‌ಗೆ ಹಾರಿದರೆ ಹತ್ತೇ ನಿಮಿಷಕ್ಕೆ ಬೇಜಾರಾಗುತ್ತದೆ, ನನಗೆ ಎರಡು ಸಲ ಹಾಗಾಯಿತು. ಅದಕ್ಕೇ ಮಾತು ಇರುವ ಕಡೆಯಿಂದ ಮಾತಿಲ್ಲದ ಕಡೆಗೆ ನಿಧಾನವಾಗಿ ಹೋಗಿ. ಇನ್ನೊಂದು, ಶಫಲ್ ಆಫ್ ಮಾಡಿ. ಆಲ್ಬಮ್ ಅಂದರೆ ಮೊದಲಿನಿಂದ ಕೊನೆವರೆಗೆ ಒಂದೇ ಸಲ ಕೂತು ಕೇಳಬೇಕಾದದ್ದು.

ಶುರುವಿಗೆ ನಮ್ಮದೇ ‘ನಿತ್ಯೋತ್ಸವ’, 1978ರದು. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಕನ್ನಡದಲ್ಲಿ ಭಾವಗೀತೆಗಳ ಕ್ಯಾಸೆಟ್ ಅಂತ ಮೊದಲು ಬಂದದ್ದೇ ಇದು. ನಮ್ಮ ಮನೆಯ ಕ್ಯಾಸೆಟ್ ಎಷ್ಟು ಸವೆದಿತ್ತು ಅಂದರೆ ಜೋಗದ ಸಿರಿ ಹಾಡಿನ ನಡುವೆ ಒಂದು ಕಡೆ ಟೇಪ್ ಎಳೆದು ದನಿ ಸ್ವಲ್ಪ ಕೆಳಗೆ ಜಾರುತ್ತಿತ್ತು. ಈಗ ಫೋನಿನಲ್ಲಿ ಚೊಕ್ಕವಾಗಿ ಬರುತ್ತದೆ. ಆದರೂ ಆ ಜಾಗ ಬಂದಾಗ ನನ್ನ ಕಿವಿ ಅದು ಜಾರಲಿ ಅಂತ ಕಾಯುತ್ತದೆ. ಇದಾದ ಮೇಲೆ ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಮ್ ಹಾಕಿ, ಶಿಶುನಾಳ ಷರೀಫರ ಪದ ಗಿಟಾರ್ ಜೊತೆ ಹೇಗೆ ಕುಣಿಯುತ್ತೆ ನೋಡಿ.

ಮುಂದೆ, ಮಾತು ಇದೆ ಆದರೆ ಅರ್ಥ ಆಗಲ್ಲ ಅನ್ನುವಂಥದ್ದು. ಕ್ಯೂಬಾದ ‘ಬ್ಯೂನಾ ವಿಸ್ಟಾ ಸೋಶಿಯಲ್ ಕ್ಲಬ್’. 1996ರಲ್ಲಿ ಹವಾನಾದ ಒಂದು ಹಳೇ ಸ್ಟುಡಿಯೋದಲ್ಲಿ ಆರೇ ದಿನದಲ್ಲಿ ರೆಕಾರ್ಡ್ ಮಾಡಿದ್ದು, ಮುಂದಿನ ವರ್ಷ ಬಂತು. ಹಾಡಿದವರಲ್ಲಿ ಕಾಂಪಾಯ್ ಸೆಗುಂಡೋಗೆ ಆಗ 88 ವರ್ಷ. ಇಬ್ರಾಹಿಂ ಫೆರೆರ್ ಹಾಡುವುದು ಬಿಟ್ಟು ಬೂಟ್ ಪಾಲಿಶ್ ಮಾಡುತ್ತಿದ್ದರು. ಆ ದನಿ ಕೇಳಿ. ಸ್ಪ್ಯಾನಿಷ್ ಒಂದಕ್ಷರ ಬರದಿದ್ದರೂ ಗಂಟಲು ಕಟ್ಟುತ್ತದೆ. ರಾಕ್ ಬೇಕಾದರೆ ಬ್ರಿಟಿಷ್ ತಂಡ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’, 1973. ಎದೆಬಡಿತದಿಂದ ಶುರುವಾಗಿ ಎದೆಬಡಿತದಲ್ಲೇ ಮುಗಿಯುತ್ತದೆ. ಅದರಲ್ಲಿ ಕ್ಲೇರ್ ಟೋರಿ ಒಂದೂ ಪದ ಇಲ್ಲದೆ ಬರೀ ದನಿಯಲ್ಲಿ ಹಾಡಿರುವುದನ್ನು ರಾತ್ರಿ ದೀಪ ಆರಿಸಿ ಕೇಳಿ.

ಈಗ ಮಾತೇ ಇಲ್ಲದ್ದಕ್ಕೆ ಬಂದೆವು. ‘ಕಾಲ್ ಆಫ್ ದ ವ್ಯಾಲಿ’, 1967. ಶಿವಕುಮಾರ್ ಶರ್ಮಾ ಸಂತೂರ್ (ಕಡ್ಡಿಯಿಂದ ತಂತಿ ಬಡಿದು ನುಡಿಸುವ ವಾದ್ಯ), ಹರಿಪ್ರಸಾದ್ ಚೌರಾಸಿಯಾ ಕೊಳಲು, ಬ್ರಿಜ್ ಭೂಷಣ್ ಕಾಬ್ರಾ ಗಿಟಾರ್. ಮೊದಲಿನಿಬ್ಬರಿಗೆ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ‘ಸಿಲ್‌ಸಿಲಾ’ ಅನ್ನುವ ಹಿಂದಿ ಸಿನಿಮಾದ ಹಾಡುಗಳನ್ನು ಕೇಳಿರುತ್ತೀರಿ, ಅದಕ್ಕೆ ಸಂಗೀತ ಕೊಟ್ಟ ಶಿವ-ಹರಿ ಇವರೇ. ಕಾಶ್ಮೀರದ ಒಬ್ಬ ಕುರಿಗಾಹಿಯ ಒಂದು ದಿನ, ಇಷ್ಟೇ ಕಥೆ. ಹೊತ್ತಿಗೊಂದು ರಾಗ: ಬೆಳಗಿನ ಜಾವಕ್ಕೆ ಅಹೀರ್ ಭೈರವ್, ಹೊತ್ತು ಏರಿದಂತೆ ನಟ್ ಭೈರವ್, ಆಮೇಲೆ ಪೀಲೂ, ಸಂಜೆ ದಾಟುವಾಗ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ಸಂತೂರಿನಲ್ಲಿ ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಎಳೆಯಲು ಬರಲ್ಲ, ಅದು ಶಾಸ್ತ್ರೀಯಕ್ಕೆ ಒಗ್ಗಲ್ಲ ಅನ್ನುತ್ತಿದ್ದ ಕಾಲ ಅದು. ಗಿಟಾರ್ ಅಂತೂ ಹೊರಗಿನದೇ. ಕಾಬ್ರಾ ಅದನ್ನು ತೊಡೆ ಮೇಲೆ ಮಲಗಿಸಿಕೊಂಡು ತಂತಿ ಮೇಲೆ ಲೋಹದ ತುಂಡು ಜಾರಿಸಿ ನುಡಿಸುತ್ತಾರೆ, ಕಣ್ಣು ಮುಚ್ಚಿದರೆ ಯಾರೋ ಗುನುಗಿದ ಹಾಗಿರುತ್ತದೆ. ನಾನು ಜಾಸ್ತಿ ಸಲ ಕೇಳಿರುವ ಆಲ್ಬಮ್ ಇದೇ.

ಇಲ್ಲಿಂದ ಜಾಜ್ ದೂರ ಇಲ್ಲ. ದಾರಿಯಲ್ಲಿ ‘ಕಿನ್ಸ್‌ಮೆನ್’ ಕೇಳಿ, 2008ರದು. ಅಮೆರಿಕದ ಜಾಜ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್, ಇಬ್ಬರದೂ ಸ್ಯಾಕ್ಸೊಫೋನ್. ಗೋಪಾಲನಾಥರು ನಾಗಸ್ವರದ ಮನೆಯವರು, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದರ ಹಿಂದೆ ಬಿದ್ದವರು. ಗಮಕ, ಅಂದರೆ ಸ್ವರವನ್ನು ತೂಗಾಡಿಸುವುದು, ಬಂದ ಕಡೆ ಯಾರು ನುಡಿಸುತ್ತಿದ್ದಾರೆ ಅಂತ ನಿಮ್ಮ ಕಿವಿಯೇ ಹೇಳುತ್ತದೆ.

ಆಮೇಲೆ ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನ ರೆಕಾರ್ಡಿಂಗ್, ಒಟ್ಟು ಐದು ತುಣುಕು. ಮೊದಲನೆಯದು ‘ಸೋ ವಾಟ್’. ಅದರ ಸ್ವರಗಳು ನಮ್ಮ ಕರ್ನಾಟಕ ಸಂಗೀತದ ಖರಹರಪ್ರಿಯ ರಾಗದವೇ. ಹದಿನಾರು ಬಾರ್ (ನಾಲ್ಕು ಪೆಟ್ಟಿನ ಒಂದು ಸುತ್ತು ಒಂದು ಬಾರ್) ಅಲ್ಲೇ ಇದ್ದು, ಎಂಟು ಬಾರ್ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಕೀಲಿಯಷ್ಟು, ಮೇಲೇರಿ, ಮತ್ತೆ ಎಂಟು ಬಾರ್ ಕೆಳಗಿಳಿಯುತ್ತದೆ. ಇದು ಗೊತ್ತಾದ ದಿನವೇ ನನಗೆ ಜಾಜ್ ಬಾಗಿಲು ತೆರೆದದ್ದು, ರಾಗ ಕೇಳುವ ಹಾಗೆ ಕೂತು ಕೇಳಿದೆ. ಶುರುವಿನಲ್ಲಿ ತಗ್ಗು ದನಿಯ ತಂತಿವಾದ್ಯ ಬೇಸ್ ಏನೋ ಪ್ರಶ್ನೆ ಹಾಕುತ್ತದೆ, ಪಿಯಾನೋ ಎರಡೇ ಪೆಟ್ಟಿನಲ್ಲಿ ಉತ್ತರ ಕೊಡುತ್ತದೆ, ‘ಏನೀಗ?’ ಅಂದ ಹಾಗೆ. ಆಮೇಲೆ ಆ ಉತ್ತರ ಟ್ರಂಪೆಟ್, ಸ್ಯಾಕ್ಸೊಫೋನ್‌ಗಳ ಬಾಯಿಗೆ ಬರುತ್ತದೆ. ಮೈಲ್ಸ್ ಒಬ್ಬರೇ ಶುರು ಮಾಡುವ ಹೊತ್ತಿಗೆ ಡ್ರಮ್ಸ್‌ನ ಸಿಂಬಲ್ (ಲೋಹದ ತಟ್ಟೆ) ಮೇಲೆ ಒಂದು ಪೆಟ್ಟು ಬಿದ್ದು ಝೇಂಕರಿಸುತ್ತದೆ. ಅದನ್ನು ತಪ್ಪಿಸಿಕೊಳ್ಳಬೇಡಿ. ಫೋನಿನ ಸ್ಪೀಕರ್‌ನಲ್ಲಂತೂ ಕೇಳಲೇಬೇಡಿ, ಅದರಲ್ಲಿ ಬೇಸ್ ಕೇಳಿಸುವುದೇ ಇಲ್ಲ. ಹೆಡ್‌ಫೋನ್ ಹಾಕಿಕೊಳ್ಳಿ.