ಗಿಡ್ಡ ಹಸುವಿಗೆ ಯಾವ ಹೋರಿ?

ತೀರ್ಥಹಳ್ಳಿ ಕಡೆಯ ತಮ್ಮ ಮನೆಯಲ್ಲಿ ಒಂದು ಮಲೆನಾಡು ಗಿಡ್ಡ, ಒಂದು ಜರ್ಸಿ ಮಿಶ್ರತಳಿ ಹಸು ಇದ್ದು, ಹಾಲು ಹೆಚ್ಚಲೆಂದು ಎರಡಕ್ಕೂ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ದೊಡ್ಡ ಮೈಕಟ್ಟಿನ ವಿದೇಶಿ ತಳಿ) ಹೋರಿಯ ವೀರ್ಯ ಕೊಡಿಸಬಹುದೇ ಎಂದು ಕೇಳಿದ್ದೀರಿ.

ಗಿಡ್ಡಕ್ಕೆ ಖಂಡಿತ ಬೇಡ. ಅಷ್ಟು ಸಣ್ಣ ಮೈಕಟ್ಟಿನ ಹಸುವಿನ ಗರ್ಭದಲ್ಲಿ ದೊಡ್ಡ ತಳಿಯ ಕರು ಬೆಳೆದರೆ ಕರು ಹಾಕುವುದೇ ಕಷ್ಟವಾಗಿ, ತಾಯಿ ಕರು ಎರಡನ್ನೂ ಕಳೆದುಕೊಳ್ಳುವ ಅಪಾಯವಿದೆ. ಜೊತೆಗೆ ನಮ್ಮ ಜಡಿಮಳೆಗೂ ಬ್ಯಾಣದ (ಹುಲ್ಲುಗಾವಲಿನ) ಮೇವಿಗೂ ಒಗ್ಗಿಕೊಂಡ ಅದರ ಗುಣ ಮುಂದಿನ ಪೀಳಿಗೆಯಲ್ಲಿ ಕ್ಷೀಣಿಸುತ್ತದೆ. ಗಿಡ್ಡ ತಳಿಯದೇ ಹೋರಿಯನ್ನು ಹುಡುಕಿ. ಹೋರಿಯ ಅಂದಕ್ಕಿಂತ ಅದರ ತಾಯಿಯ ಹಾಲು, ಕೆಚ್ಚಲು ಮತ್ತು ಸಾಧು ಸ್ವಭಾವವನ್ನು ವಿಚಾರಿಸುವುದು ಮುಖ್ಯ. ಕೊಂಬು ನೋಡಿ ಮರುಳಾಗುವವರೇ ನಮ್ಮಲ್ಲಿ ಹೆಚ್ಚು.

ಮಿಶ್ರತಳಿಗೆ ಜರ್ಸಿ ಮಿಶ್ರತಳಿ ಹೋರಿಯ ವೀರ್ಯವೇ ಸಾಕು. ವಿದೇಶಿ ರಕ್ತದ ಪ್ರಮಾಣ ಶೇ 50ರಿಂದ 62.5ರ ಒಳಗಿದ್ದರೆ ಸಣ್ಣ ಕೊಟ್ಟಿಗೆಯಲ್ಲಿ ಸಾಕಲು ಸುಲಭ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸಿ. ವೀರ್ಯದ ನಳಿಕೆಯ ಮೇಲಿರುವ ಹೋರಿಯ ಸಂಖ್ಯೆಯನ್ನು ತಪ್ಪದೆ ಪುಸ್ತಕದಲ್ಲಿ ಬರೆದಿಡಿ. ಇಲ್ಲವಾದರೆ ಮೂರು ವರ್ಷದ ನಂತರ ಮಗಳಿಗೆ ಅದೇ ತಂದೆಯ ವೀರ್ಯ ಬೀಳಬಹುದು.